ಕಸದ ಬಂಡಿ ಬರುವ ಹೊತ್ತು

ಬೆಳಕು ಹರಿಯುವ ಮುಂಚೆ ಬಿಯುನ್ ಮಾಡಿ ಮುಗಿಸಬೇಕಾದ ಕೆಲಸಗಳು ಇಷ್ಟು. ಗೆಣಸು ಹೆಚ್ಚಿ ಗಂಜಿಗೆ ಹಾಕಬೇಕು. ಗಂಜಿ ಕುದಿಯುವಷ್ಟರಲ್ಲಿ ಬಾಲ್ಕನಿಯ ಗಳುವಿನಿಂದ ಪುಟ್ಟ ಚಡ್ಡಿ, ಅಂಗಿ, ಕಾಲುಚೀಲಗಳನ್ನು ಇಳಿಸಿ, ತೇವ ಉಳಿದಿದ್ದರೆ ಫ್ಯಾನಿನ ಮುಂದೆ ಹರಡಬೇಕು. ತೀರಿಹೋದ ಹಿರಿಯರ ಪೀಠಕ್ಕೆ ಮೂರು ಬಟ್ಟಲು ಚಹಾ ಇಟ್ಟು ಊದುಕಡ್ಡಿ ಹಚ್ಚಬೇಕು. ಮಗನಿಗೂ ಸೊಸೆಗೂ ಊಟದ ಡಬ್ಬಿ ಕಟ್ಟಬೇಕು. ಗಂಡನ ಬಿ.ಪಿ. ಮಾತ್ರೆಯನ್ನು ತಟ್ಟೆಯ ಪಕ್ಕ ಇಡಬೇಕು, ಮಾತ್ರೆಯ ಪಕ್ಕ ನೀರು ಇಡಬೇಕು. ನೀರು ಇಡದಿದ್ದರೆ ಮಾತ್ರೆ ಮಧ್ಯಾಹ್ನದವರೆಗೂ ಅಲ್ಲೇ ಕೂತಿರುತ್ತದೆ. ನೀಲಿ ಬಾಟಲಿಯಲ್ಲಿ ಲೆಲೆಗೆ, ಹಳದಿ ಬಾಟಲಿಯಲ್ಲಿ ದೋದೋಗೆ ನೀರು ತುಂಬಬೇಕು. ಇದು ಅದಲುಬದಲಾದರೆ ಮನೆಯಲ್ಲಿ ಸಾವಾದ ಹಾಗೆ ಅಳು ಏಳುತ್ತದೆ. ಹಿಂದಿನ ದಿನದ ಮೀನಿನ ಮುಳ್ಳು, ತರಕಾರಿ ಸಿಪ್ಪೆಯನ್ನು ವಾಸನೆ ಬರದಂತೆ ಚೀಲದಲ್ಲಿ ಕಟ್ಟಿ ಫ್ರೀಜರಿಗೆ ಸೇರಿಸಬೇಕು. ಕೊನೆಗೆ ದೋದೋನ ಎಡಗಾಲಿನ ಶೂ ಹುಡುಕಬೇಕು. ಬಲಗಾಲಿನದು ಎಂದೂ ಕಳೆಯುವುದಿಲ್ಲ.

ಮಕ್ಕಳು ಎದ್ದ ಮೇಲಿನದು ಕೆಲಸದ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ‘ಮೊಮ್ಮಕ್ಕಳ ಜೊತೆ ಹೊತ್ತು ಕಳೆಯೋದು’ ಎಂದು ಹೆಸರು.

ತಾಯ್‌ನಾನ್ ಊರಿನ ಹಳೆಯ ಬೀದಿಯೊಂದರಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ಬಿಯುನ್‌ಳ ಮನೆ. ಅವಳು ಹುಟ್ಟಿದ್ದು ಕಡಲಂಚಿನ ಉಪ್ಪಿನ ಗದ್ದೆಗಳ ಹಳ್ಳಿಯಲ್ಲಿ. ಮನೆಗೆ ಹಿರಿಯ ಮಗಳು. ಆದ್ದರಿಂದ ತನ್ನ ಬೆನ್ನಿಗೆ ಬಟ್ಟೆಯಲ್ಲಿ ಕಟ್ಟಿದ ತಮ್ಮನೋ ತಂಗಿಯೋ ಇಲ್ಲದ ಬಾಲ್ಯ ಅವಳಿಗೆ ನೆನಪಿಲ್ಲ. ಆಮೇಲೆ ಕಾಲುಚೀಲದ ಕಾರ್ಖಾನೆ ಸೇರಿದಳು, ಮದುವೆಯಾದಳು, ಮಗನನ್ನು ಬೆಳೆಸಿದಳು, ಹಾಸಿಗೆ ಹಿಡಿದ ಅತ್ತೆಯ ಸೇವೆ ಮಾಡಿದಳು. ಕಾರ್ಖಾನೆಯಿಂದ ನಿವೃತ್ತಿಯಾದ ದಿನ ಜೊತೆಗಾರ್ತಿಯರು ಹೂಗುಚ್ಛ ಕೊಟ್ಟು, ‘ಇನ್ನು ಮೇಲೆ ನಿನ್ನ ದಿನಗಳು’ ಎಂದಿದ್ದರು. ಆ ಹೂವು ಬಾಡುವ ಮುಂಚೆ ಸೊಸೆ ಯೀಪೇಯ್ ಬಸುರಿ ಎಂದು ತಿಳಿಯಿತು. ಬಾಡಿದ ಮೇಲೆ, ಹೊಟ್ಟೆಯಲ್ಲಿ ಇರುವುದು ಎರಡು ಎಂದು ತಿಳಿಯಿತು.

ಈಗ ಆ ಎರಡಕ್ಕೂ ಎರಡೂವರೆ ವರ್ಷ. ಲೆಲೆ ಹುಡುಗಿ, ದೋದೋ ಹುಡುಗ.

ಯೀಪೇಯ್ ಕೆಟ್ಟವಳಲ್ಲ. ಆಸ್ಪತ್ರೆಯ ಬಿಲ್ಲಿನ ವಿಭಾಗದಲ್ಲಿ ದಿನವಿಡೀ ಬೈಸಿಕೊಂಡು ರಾತ್ರಿ ಎಂಟಕ್ಕೆ ಮನೆಗೆ ಬರುವ ಹುಡುಗಿ. ಮಕ್ಕಳಿಗೆ ನಿಯಮಿತ ದಿನಚರಿ ಇರಬೇಕು ಎಂದು ಎಲ್ಲೋ ಓದಿದ್ದಳು. “ಅಮ್ಮ, ಹೊತ್ತು ಹೊತ್ತಿಗೆ ಒಂದೇ ಥರ ನಡೆದರೆ ಮಕ್ಕಳು ತಾವಾಗೇ ಮಾಡ್ತಾರಂತೆ, ಹಟ ಮಾಡಲ್ವಂತೆ,” ಎಂದು ಹೇಳಿ ಫ್ರಿಜ್ಜಿನ ಬಾಗಿಲಿಗೆ ಚಿತ್ರಗಳನ್ನು ಅಂಟಿಸಿದ್ದಳು. ಹಲ್ಲುಜ್ಜುವ ಬ್ರಷ್, ಬಟ್ಟಲು, ಪಾರ್ಕು, ದಿಂಬು, ಆಟಿಕೆಯ ಬುಟ್ಟಿ, ನೀರಿನ ತೊಟ್ಟಿ, ಚಂದ್ರ. ಚಿತ್ರ ಅಂಟಿಸಿದ್ದು ಅವಳು, ನಡೆಸುವುದು ಬಿಯುನ್.

ನಿಯಮಗಳನ್ನು ಮಕ್ಕಳು ಕಲಿತದ್ದೇನೋ ನಿಜ. ತೊಂದರೆಯಾದದ್ದು ಅಲ್ಲೇ. ಒಮ್ಮೆ, ಒಂದೇ ಒಂದು ಬೆಳಿಗ್ಗೆ, ದೋದೋ ಬಾಯಿ ತೆರೆಯಲಿ ಎಂದು ಬಿಯುನ್ ಪ್ಲಾಸ್ಟಿಕ್ಕಿನ ಡೈನೋಸಾರಿನ ಹಲ್ಲು ಉಜ್ಜಿ ತೋರಿಸಿದ್ದಳು. ಅಂದಿನಿಂದ ಅದು ಕಾನೂನಾಯಿತು. ಮೊದಲು ಡೈನೋಸಾರು, ಆಮೇಲೆ ಲೆಲೆ, ಆಮೇಲೆ ದೋದೋ, ಕೊನೆಗೆ ಬಿಯುನ್ ತನ್ನ ಕಟ್ಟಿಸಿಕೊಂಡ ಹಲ್ಲನ್ನು ಬಾಯಿಂದ ತೆಗೆದು ಅವರ ಕೈಗೆ ಕೊಡಬೇಕು, ಅವರು ಅದನ್ನು ಉಜ್ಜಬೇಕು. ಒಂದು ದಿನ ಅವಸರಕ್ಕೆ ಡೈನೋಸಾರನ್ನು ಬಿಟ್ಟಿದ್ದಕ್ಕೆ ಲೆಲೆ ಬಚ್ಚಲ ಬಾಗಿಲಿಗೆ ಅಡ್ಡ ಮಲಗಿದ್ದಳು.

“ಆಮಾ, ತಪ್ಪು. ಮತ್ತೆ ಮೊದಲಿಂದ,” ಎಂದು ಅಜ್ಜಿಗೆ ಆಜ್ಞೆ ಮಾಡಿದ್ದಳು.

ಮತ್ತೆ ಮೊದಲಿಂದಲೇ ಆಯಿತು.

ಮನೆಯಲ್ಲಿ ಅವಳ ಹೆಸರು ಆಮಾ, ಅಂದರೆ ಅಜ್ಜಿ. ಮಕ್ಕಳ ಬಾಯಲ್ಲಿ ಅದು ಸರಿ. ಆದರೆ ಗಂಡ ತ್ಯಾನ್‌ಫು ಕೂಡ, “ಆಮಾ, ಕನ್ನಡಕ ಎಲ್ಲಿ,” ಎನ್ನುತ್ತಾನೆ. ಅವಳೂ ಅವನನ್ನು ಆಗೊಂಗ್, ಅಜ್ಜ, ಎಂದೇ ಕರೆಯುತ್ತಾಳೆ. ಮೊಮ್ಮಕ್ಕಳು ಬಂದ ಮನೆಯಲ್ಲಿ ಹೆಸರುಗಳು ಹೀಗೆ ಸೇವೆಗೆ ಸೇರಿಬಿಡುತ್ತವೆ. ವ್ಯತ್ಯಾಸ ಇಷ್ಟೆ: ಆಗೊಂಗ್ ಎಂಬುದು ಪದವಿ, ಆಮಾ ಎಂಬುದು ಕೂಗು.

ದಿನದಲ್ಲಿ ಒಂದೇ ಒಂದು ಹೊತ್ತು ಅವಳು ಬಿಯುನ್ ಆಗಿರುತ್ತಿದ್ದಳು. ಅದು ಸಂಜೆ ಏಳರ ಸುಮಾರಿಗೆ ಕಸದ ಬಂಡಿ ಬರುವ ಹೊತ್ತು.

ದೂರದಲ್ಲಿ ಹಳದಿ ಬಂಡಿಯ ಟಿಣ್‌ಟಿಣ್ ರಾಗ ಕೇಳಿದ್ದೇ ಮನೆಯಲ್ಲಿ ಒಂದು ಯಂತ್ರ ಶುರುವಾಗುತ್ತಿತ್ತು. ಮಕ್ಕಳು ಕೈಯಲ್ಲಿದ್ದ ಆಟಿಕೆಯನ್ನು ಬುಟ್ಟಿಗೆ ಎಸೆಯುತ್ತಿದ್ದರು. ಲೆಲೆ ಚೀಲದ ಗಂಟು ಗಟ್ಟಿಯಾಗಿದೆಯೇ ಎಂದು ಜಗ್ಗಿ ನೋಡುತ್ತಿದ್ದಳು. ದೋದೋ ಫ್ರೀಜರಿನ ಮುಂದೆ ನಿಂತು, “ಮೀನು ಕಸ, ಮೀನು ಕಸ,” ಎನ್ನುತ್ತಿದ್ದ. ಬಿಯುನ್ ಎರಡೂ ಚೀಲ ಹಿಡಿದು ಮೆಟ್ಟಿಲಿಳಿಯುತ್ತಿದ್ದಳು. ವಾಪಸು ಬಂದ ಕೂಡಲೇ ಸ್ನಾನ, ಆಮೇಲೆ ಹಾಲು, ಆಮೇಲೆ ನಿದ್ದೆ. ಈ ಕ್ರಮವನ್ನು ಫ್ರಿಜ್ಜಿನ ಚಿತ್ರಗಳು ಕಲಿಸಿದ್ದಲ್ಲ, ಬಂಡಿಯ ರಾಗ ಕಲಿಸಿದ್ದು.

ಕಸವನ್ನು ಬೀದಿಯಲ್ಲಿ ಇಟ್ಟು ಬರುವಂತಿಲ್ಲ. ನೆಲ ಮುಟ್ಟಿಸದೆ ಕೈಯಾರೆ ಬಂಡಿಗೆ ಹಾಕಬೇಕು. ಹಾಗಾಗಿ ಬೀದಿಯ ಹೆಂಗಸರೆಲ್ಲ ಮೂಲೆಯ ಬೆಲ್ಲದ ಅಂಗಡಿಯ ಮುಂದೆ ಚೀಲ ಹಿಡಿದು ಕಾಯುತ್ತಿದ್ದರು. ಬಂಡಿ ಹತ್ತಿರವೇ ಇದ್ದಂತೆ ಕೇಳಿಸಿದರೂ ಹಿಂದಿನ ಎರಡು ಬೀದಿ ಸುತ್ತಿ ಬರಲು ಹೊತ್ತು ಹಿಡಿಯುತ್ತಿತ್ತು. ಅಷ್ಟರಲ್ಲಿ ಪೇರಲೆ ಮಾರುವ ಆಕಿನ್, “ಬಿಯುನಕ್ಕ, ಬಾ ಇಲ್ಲಿ,” ಎಂದು ಕೂಗಿ ತನ್ನ ಪ್ಲಾಸ್ಟಿಕ್ ಸ್ಟೂಲಿನ ಅರ್ಧ ಬಿಟ್ಟುಕೊಡುತ್ತಿದ್ದಳು. ಯಾರ ಅತ್ತೆ ಯಾರ ಸೊಸೆಗೆ ಏನಂದಳು, ಯಾರ ಗಂಡ ವಾಷಿಂಗ್ ಮೆಷಿನ್ನಿನ ಗುಂಡಿ ಯಾವುದೆಂದು ಇನ್ನೂ ಕೇಳುತ್ತಾನೆ, ಎಲ್ಲವೂ ಅಲ್ಲಿ ಬರುತ್ತಿತ್ತು. ಯಾರೂ ಬಿಯುನ್‌ಳ ಲಂಗ ಹಿಡಿದು ಎಳೆಯುತ್ತಿರಲಿಲ್ಲ. ಕೈಯಲ್ಲಿ ನಾರುವ ಚೀಲ ಇದ್ದರೂ, ಅವಳ ಮಟ್ಟಿಗೆ ಅದು ದೇವಸ್ಥಾನಕ್ಕೆ ಹೋಗಿ ಕೂತಷ್ಟು ಸಮಾಧಾನದ ಹೊತ್ತು.

ಬುಧವಾರ ಮತ್ತು ಭಾನುವಾರ ಬಂಡಿ ಬರುವುದಿಲ್ಲ. ಆ ಎರಡು ದಿನ ಮನೆ ರಣರಂಗವಾಗುತ್ತಿತ್ತು. ರಾಗ ಕೇಳದೆ ಆಟಿಕೆ ಎತ್ತಿಡುವುದಿಲ್ಲ, ಆಮಾ ಕಸ ಹಾಕಿ ಬರದೆ ಸ್ನಾನ ಇಲ್ಲ. ಬಿಯುನ್ ಬಾಯಲ್ಲೇ ರಾಗ ಗುನುಗಿ ನೋಡಿದಳು. ಲೆಲೆ ತಲೆ ಅಲ್ಲಾಡಿಸಿ, “ಇದು ಆಮಾ. ಬಂಡಿ ಅಲ್ಲ,” ಎಂದಳು.

ಇಷ್ಟಕ್ಕೆಲ್ಲ ತಿರುವು ಬಂದದ್ದು ಒಂದು ಚಂಡಮಾರುತದಿಂದ. ಆ ಮಂಗಳವಾರ ಚಂಡಮಾರುತಕ್ಕೆ ಊರಿಗೆಲ್ಲ ರಜೆ. ಕಸದ ಬಂಡಿಗೂ ರಜೆ. ಮರುದಿನ ಬುಧವಾರ, ಬಂಡಿ ಬಾರದ ವಾರ. ಬೀದಿಯ ಪ್ರತಿ ಮನೆಯ ಫ್ರೀಜರಿನಲ್ಲೂ ಮೀನಿನ ತಲೆ ತುಂಬಿತ್ತು. ಮಕ್ಕಳು ಹಿಂದಿನ ದಿನವೂ ಸ್ನಾನ ಮಾಡಿರಲಿಲ್ಲ. ಆ ಸಂಜೆ ಬಿಯುನ್ ಅಡುಗೆಮನೆಯಲ್ಲಿದ್ದಾಗ ತ್ಯಾನ್‌ಫುಗೆ ಒಂದು ಉಪಾಯ ಹೊಳೆಯಿತು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಈಗ ಅವನ ಮುಖ್ಯ ಉದ್ಯೋಗ ಕಿಟಕಿಯ ಪಕ್ಕ ಕೂತು ಟೀವಿ ನೋಡುವುದು, ಭಾನುವಾರ ಪಾರ್ಕಿನಲ್ಲಿ ಗೆಳೆಯರೊಡನೆ ಮೈಕು ಹಿಡಿದು ಹಾಡುವುದು. ಹಾಡಲು ಕೊಂಡ ದೊಡ್ಡ ಸ್ಪೀಕರನ್ನು ಕಿಟಕಿಯ ಹಲಗೆಯ ಮೇಲಿಟ್ಟು, ಫೋನಿನಲ್ಲಿ ಬಂಡಿಯ ರಾಗ ಹುಡುಕಿ, ಸದ್ದು ಪೂರ್ತಿ ಏರಿಸಿ ಹಾಕಿದ.

ಮಕ್ಕಳು ಆಟಿಕೆ ಎಸೆದು ಎದ್ದರು. ಉಪಾಯ ಫಲಿಸಿತು. ಆದರೆ ಬೀದಿಯೂ ಎದ್ದಿತು.

ಎದುರು ಕಟ್ಟಡದ ಬಾಗಿಲುಗಳು ಪಟಪಟನೆ ತೆರೆದವು. ಮಂಗಳವಾರದ್ದಕ್ಕೆ ಬದಲಾಗಿ ಇವತ್ತು ಬಂಡಿ ಬಿಟ್ಟಿದ್ದಾರೆ ಎಂದುಕೊಂಡು ಜನ ಎರಡು ದಿನದ ಚೀಲಗಳನ್ನು ಎರಡೂ ಕೈಯಲ್ಲಿ ಹಿಡಿದು ಓಡಿಬಂದರು. ಔಷಧಿ ಅಂಗಡಿಯ ಮುದುಕಿ ತಲೆಗೆ ಬಣ್ಣ ಹಚ್ಚಿಕೊಂಡಿದ್ದವಳು ಪ್ಲಾಸ್ಟಿಕ್ ಟೋಪಿಯಲ್ಲೇ ಬಂದಳು. ಬೀದಿಯ ಮುಖ್ಯಸ್ಥ ತ್ಸಾಯ್ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿ ಬಂದ. ಎಲ್ಲರೂ ಮೂಲೆಯಲ್ಲಿ ನಿಂತು ದಾರಿ ನೋಡಿದರು. ರಾಗ ಬರುತ್ತಲೇ ಇತ್ತು, ಬಂಡಿ ಮಾತ್ರ ಬರಲಿಲ್ಲ. ಕರಗುತ್ತಿದ್ದ ಮೀನಿನ ನೀರು ಚೀಲಗಳಿಂದ ತೊಟ್ಟಿಕ್ಕತೊಡಗಿದಾಗ ಆಕಿನ್ ತಲೆಯೆತ್ತಿ ನೋಡಿದಳು.

“ಬಂಡಿ ನಾಲ್ಕನೇ ಮಹಡಿಗೆ ಹತ್ತಿಬಿಟ್ಟಿದೆ ಕಣ್ರೋ,” ಎಂದಳು.

ತ್ಸಾಯ್ ಕೆಳಗಿನಿಂದಲೇ ಕೂಗಿದ: “ಲೋ ತ್ಯಾನ್‌ಫು, ನಿಂಗೇನು ಬುದ್ಧಿ ಇದೆಯಾ? ಇಷ್ಟು ಜನರ ಕಸ ನಿನ್ನ ಮನೇಲಿ ಇಟ್ಕೋತೀಯಾ?”

ತ್ಯಾನ್‌ಫು ಸ್ಪೀಕರ್ ಆರಿಸಿ ಪರದೆಯ ಹಿಂದೆ ನಿಂತ. ಅಡುಗೆಮನೆಯಿಂದ ಬಂದ ಬಿಯುನ್ ಕಿಟಕಿಯಲ್ಲಿ ತಲೆ ಹಾಕಿ, ಬೀದಿಗೆಲ್ಲ ಕೈ ಮುಗಿದು ಕ್ಷಮೆ ಕೇಳಿದಳು. ಕ್ಷಮೆ ಕೇಳುವುದೂ ಮನೆಗೆಲಸದಲ್ಲಿ ಸೇರಿದೆ. ಅದನ್ನು ಮುಗಿಸಿ ಒಳಗೆ ತಿರುಗಿದಾಗ ಮಕ್ಕಳು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವಳು ಮೆಟ್ಟಿಲಿಳಿದು, ಕೆಳಗೆ ಎರಡು ಕ್ಷಣ ನಿಂತು, ಅದೇ ಚೀಲವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಹತ್ತಿಬಂದಳು. ಆಮೇಲೆ ಸ್ನಾನವಾಯಿತು.

ರಾತ್ರಿ ಊಟದ ಹೊತ್ತಿಗೆ ತ್ಯಾನ್‌ಫು ಮೆತ್ತಗಾಗಿದ್ದ. ಮಗ ಗ್ವಾನ್‌ಯು ನಕ್ಕು ನಕ್ಕು ನೆತ್ತಿಗೆ ಅನ್ನ ಹತ್ತಿಸಿಕೊಂಡಿದ್ದ.

“ಬೀದಿಯವರ ಮುಖ ನೋಡೋಕೆ ನಂಗೆ ನಾಚಿಕೆ,” ಎಂದ ತ್ಯಾನ್‌ಫು. “ಆದರೂ ತಪ್ಪು ನಂದು. ನಾಳೆಯಿಂದ ಕಸ ನಾನೇ ಹಾಕ್ತೀನಿ. ದಿನಾ ಎದುರಿಗೆ ಸಿಕ್ಕರೆ ಅವರ ಸಿಟ್ಟೂ ಇಳಿಯುತ್ತೆ. ಡಾಕ್ಟರೂ ಮೆಟ್ಟಿಲು ಹತ್ತಿ ಇಳಿ ಅಂದಿದಾರೆ.”

ಯೀಪೇಯ್ ಊಟದ ಕಡ್ಡಿ ಕೆಳಗಿಟ್ಟಳು. ಅವಳ ಕಣ್ಣು ಒದ್ದೆಯಾಗಿತ್ತು. “ಅಪ್ಪ, ನನ್ನ ಆಫೀಸಲ್ಲಿ ಹೇಳಿದರೆ ಯಾರೂ ನಂಬಲ್ಲ. ನಿಮ್ಮ ವಯಸ್ಸಿನ ಗಂಡಸರು ಯಾರು ಮನೆಗೆಲಸ ಹಂಚಿಕೊಳ್ತಾರೆ? ಅಮ್ಮ, ನಿಮಗೆ ಇನ್ನು ನಾಲ್ಕು ಮಹಡಿ ಹತ್ತಿ ಇಳಿಯೋ ಕಷ್ಟ ಇಲ್ಲ.”

ಬಿಯುನ್ ಸಾರು ಬಡಿಸುತ್ತಿದ್ದ ಸೌಟು ಹಾಗೇ ನಿಂತಿತು. “ಕಸ ನಾನೇ ಹಾಕ್ತೀನಿ ಬಿಡಿ,” ಎಂದಳು. “ಸಹಾಯ ಮಾಡೋದಾದರೆ ಸ್ನಾನ ಮಾಡಿಸಲಿ. ನನ್ನ ಮಂಡಿ ಬಗ್ಗಲ್ಲ.”

“ಸ್ನಾನಾನಾ?” ತ್ಯಾನ್‌ಫು ಗಾಬರಿಯಾದ. “ಅವು ಸೋಪು ಹಚ್ಚಿದರೆ ಮೀನಿನ ಥರ ಜಾರ್ತವೆ. ಅದೆಲ್ಲ ನಿಂಗೇ ಗೊತ್ತು.”

“ನಲವತ್ತು ಜನರನ್ನ ಕೂರಿಸಿಕೊಂಡು ಬಸ್ ಓಡಿಸಿದವರಿಗೆ ಇಬ್ಬರು ಮಕ್ಕಳಿಗೆ ನೀರು ಹಾಕೋಕೆ ಬರಲ್ವಾ?”

“ಬಸ್ಸಲ್ಲಿ ಯಾರೂ ಬತ್ತಲೆ ಓಡಾಡ್ತಿರಲಿಲ್ಲ,” ಎಂದ ತ್ಯಾನ್‌ಫು. ಎಲ್ಲರೂ ನಕ್ಕರು. ಮಾತು ಅಲ್ಲಿಗೆ ತೀರ್ಮಾನವಾಯಿತು.

ಬಿಯುನ್ ಏನೆಂದು ಹೇಳಬೇಕಿತ್ತು? ನಾರುವ ಚೀಲ ಹೊತ್ತು ಇಳಿಯುವುದು ನನ್ನ ಸುಖ, ಅದನ್ನು ಕಸಿದುಕೊಳ್ಳಬೇಡಿ ಎಂದೇ? ಹೊರೆ ಇಳಿಸುತ್ತೇವೆ ಎಂದವರ ಎದುರು ಈ ಹೊರೆ ಬೇಕು ಎಂದರೆ ಮುದುಕಿಗೆ ತಲೆ ಕೆಟ್ಟಿದೆ ಎಂದಾರು. ಹತ್ತು ಕೆಲಸಗಳ ಪೈಕಿ ಬಾಗಿಲಿನ ಆಚೆ ಇರುವ ಒಂದನ್ನೇ ಆರಿಸಿ ತೆಗೆದುಕೊಂಡು, ಒಳಗಿನ ಒಂಬತ್ತನ್ನು ಅವನು ಅವಳಿಗೇ ಬಿಟ್ಟಿದ್ದ. ಅದಕ್ಕೆ ಮೆಚ್ಚುಗೆಯೂ ಅವನಿಗೇ ಸಿಕ್ಕಿತ್ತು.

ಗುರುವಾರ ಸಂಜೆ ರಾಗ ಕೇಳಿದಾಗ ತ್ಯಾನ್‌ಫು ಅಂಗಿ ಬದಲಿಸಿ, ಕೂದಲು ಬಾಚಿ ಸಿದ್ಧನಾಗಿದ್ದ. ಅವನು ಚೀಲಕ್ಕೆ ಕೈ ಹಾಕಿದಾಗ ಲೆಲೆ ಅದನ್ನು ತನ್ನ ಕಡೆ ಎಳೆದುಕೊಂಡಳು.

“ಆಮಾ ಕಸ. ಆಗೊಂಗ್ ಟೀವಿ,” ಎಂದಳು.

ದೋದೋ ಅಜ್ಜನ ಹಿಂದೆ ನಿಂತು ಎರಡೂ ಕೈಯಿಂದ ಅವನನ್ನು ಕುರ್ಚಿಯ ಕಡೆ ನೂಕಿದ. “ಆಗೊಂಗ್ ಕೂತ್ಕೋ. ಆಗೊಂಗ್ ಟೀವಿ.”

ತ್ಯಾನ್‌ಫು ನಕ್ಕು, ಚೀಲ ಬಿಡಿಸಿಕೊಂಡು ಇಳಿದುಹೋದ. ಬಿಯುನ್ ನಗಲಿಲ್ಲ. ಹಲ್ಲಿಗೆ ಬ್ರಷ್, ಬುಟ್ಟಿಗೆ ಆಟಿಕೆ ಎನ್ನುವಷ್ಟೇ ಸಲೀಸಾಗಿ ಇದನ್ನೂ ಮಕ್ಕಳು ಕಲಿತಿದ್ದವು. ಕಲಿಸಿದವರು ಯಾರು? ದಿನವೂ ಅದೇ ಹೊತ್ತಿಗೆ, ಅದೇ ಕ್ರಮದಲ್ಲಿ, ತಪ್ಪದೆ ನಡೆಸಿ ತೋರಿಸಿದವಳು ತಾನೇ ಅಲ್ಲವೇ?

ಅಂದು ಸ್ನಾನ ಆಗಲಿಲ್ಲ. ಆಮಾ ಕಸ ಹಾಕಿ ಬಂದಿಲ್ಲ ಎಂಬುದು ಮಕ್ಕಳ ವಾದ. ಲೆಲೆ ಬಚ್ಚಲ ಬಾಗಿಲಿಗೆ ಅಡ್ಡ ಮಲಗಿದಳು, ದೋದೋ ಒಂದು ಕಾಲಿನ ಚಡ್ಡಿ ಬಿಚ್ಚಿ ಇನ್ನೊಂದು ಕಾಲಿನದನ್ನು ಬಿಚ್ಚಲು ಒಪ್ಪಲಿಲ್ಲ. ಬಿಯುನ್ ಬಚ್ಚಲ ಮಣೆಯ ಮೇಲೆ ಕೂತು ತೊಟ್ಟಿಯ ನೀರು ಆರುವುದನ್ನು ನೋಡಿದಳು. ಕಿಟಕಿಯ ಆಚೆ ಕೆಳಗಿನಿಂದ ನಗು ಕೇಳುತ್ತಿತ್ತು. ನಡುವೆ ಗಂಡನ ದನಿಯೂ ಇತ್ತು.

ಬಂಡಿ ಹೋಗಿ ಎಷ್ಟೋ ಹೊತ್ತಾದ ಮೇಲೆ ತ್ಯಾನ್‌ಫು ಹತ್ತಿಬಂದ. ಮುಖ ಅರಳಿತ್ತು, ಕೈಯಲ್ಲಿ ಪೇರಲೆಯ ಚೀಲ.

“ಆಕಿನ್ ಕೊಟ್ಟಳು. ಏನು ಚೆನ್ನಾಗಿ ಹೊತ್ತು ಹೋಗುತ್ತೆ ಆಮಾ ಅಲ್ಲಿ! ಯಾರೂ ಬೈಲಿಲ್ಲ, ಎಲ್ಲ ತಮಾಷೆ ಮಾಡಿದರು. ತ್ಸಾಯ್ ಜೊತೆ ಒಂದು ಲೋಟ ಚಹಾನೂ ಆಯ್ತು. ಇಷ್ಟು ದಿನ ನೀನ್ಯಾಕೆ ಹೇಳಲೇ ಇಲ್ಲ?”

ಬಿಯುನ್ ಪೇರಲೆ ತೊಳೆದು ಹೆಚ್ಚಿ ತಟ್ಟೆಗಿಟ್ಟಳು. ಒಂದು ಹೋಳನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ.

ಶುಕ್ರವಾರ ಅವಳು ಮಧ್ಯಾಹ್ನದಿಂದಲೇ ಮಾತು ಕಡಿಮೆ ಮಾಡಿದ್ದಳು. ಸಂಜೆ ತೊಟ್ಟಿಗೆ ನೀರು ಬಿಟ್ಟಳು. ಟವೆಲು, ರಾತ್ರಿಯ ಬಟ್ಟೆ, ಡೈನೋಸಾರು ಎಲ್ಲವನ್ನೂ ಮಣೆಯ ಪಕ್ಕ ಇಟ್ಟಳು. ರಾಗ ಕೇಳಿತು. ತ್ಯಾನ್‌ಫು ಬಾಚಣಿಗೆ ಹುಡುಕುತ್ತಿದ್ದ. ಅಷ್ಟರಲ್ಲಿ ಲೆಲೆ ಚೀಲವನ್ನು ಎಳೆದುಕೊಂಡು ಬಂದು ಬಿಯುನ್‌ಳ ಕೈಗೆ ಕೊಟ್ಟಳು. ಬಿಯುನ್ ಚಪ್ಪಲಿ ಮೆಟ್ಟಿದಳು.

“ಅರೆ, ಅದು ನನ್ನ ಕೆಲಸ,” ಎಂದ ತ್ಯಾನ್‌ಫು.

“ನಿನ್ನೆ ಮಕ್ಕಳಿಗೆ ಸ್ನಾನ ಇಲ್ಲ. ದಿನಚರಿ ಕೆಡಿಸಬಾರದು ಅಂತ ನಿಮ್ಮ ಸೊಸೆನೇ ಹೇಳಿದಾಳೆ. ನಾನು ಕಸ ಹಾಕೋಕೆ ಹೋದ ಮೇಲೆ ಇವು ಸ್ನಾನಕ್ಕೆ ಬರ್ತವೆ. ನೀರು ಬಿಟ್ಟಿದೀನಿ. ಮೊದಲು ದೋದೋಗೆ ಹಾಕಿ, ಲೆಲೆ ತಾನೇ ಬರ್ತಾಳೆ.”

“ಆಮಾ, ಆಮಾ, ನಾನು ಹಾಕಲ್ಲ. ನೀನು ಬರೋವರೆಗೂ ಆಟ ಆಡಿಸ್ಕೊಂಡಿರ್ತೀನಿ. ನೀನೇ ಬಂದು ಹಾಕು.”

“ನೀರು ಆರಿಹೋಗುತ್ತೆ,” ಎಂದಷ್ಟೇ ಹೇಳಿ ಅವಳು ಇಳಿದಳು. ಅವಳ ಫೋನು ಅನ್ನದ ಕುಕ್ಕರಿನ ಪಕ್ಕ ಹಾಗೇ ಉಳಿಯಿತು.

ಕೆಳಗೆ ಆಕಿನ್ ಸ್ಟೂಲಿನ ಅರ್ಧ ಸರಿಸಿದಳು. “ಬಂದೆಯಾ ಬಿಯುನಕ್ಕ? ನಿನ್ನೆ ನಿನ್ನ ಜಾಗದಲ್ಲಿ ನಿನ್ನ ಯಜಮಾನ ಕೂತಿದ್ದ. ಎರಡು ಜನದ ಜಾಗ ಹಿಡಿದು, ನಾಲ್ಕು ಜನದ ಮಾತು ಆಡಿದ.”

“ಮನೇಲಿ ನಾಲ್ಕು ಜನದ ಊಟಾನೂ ಮಾಡ್ತಾನೆ,” ಎಂದಳು ಬಿಯುನ್. ಹೆಂಗಸರು ನಕ್ಕರು. ಅವಳಿಗೆ ಎರಡು ದಿನದ ದಣಿವು ಒಮ್ಮೆಲೇ ಕಾಲಿಗೆ ಇಳಿದಂತಾಯಿತು. ಸ್ಟೂಲಿನ ಮೇಲೆ ಪೂರ್ತಿ ಭಾರ ಬಿಟ್ಟು ಕೂತಳು.

ಹಿಂದಿನ ಬೀದಿಯಿಂದ ಬಂಡಿ ತಿರುಗಿತು. ಜನ ಎದ್ದರು, ಚೀಲಗಳು ಒಂದರ ಮೇಲೊಂದು ಒಳಗೆ ಬಿದ್ದವು. ಬಿಯುನ್ ಸಾಲಿನಲ್ಲಿ ನಿಂತು ತಲೆಯೆತ್ತಿ ನೋಡಿದಳು. ನಾಲ್ಕನೆಯ ಮಹಡಿಯ ಕೋಣೆಯಲ್ಲಿ ಟೀವಿಯ ನೀಲಿ ಬೆಳಕು. ಪಕ್ಕದ ಬಚ್ಚಲ ಕಿಟಕಿ ಕತ್ತಲು. ಹೇಳಿದಂತೆಯೇ ಅವನು ಕಾಯುತ್ತಿದ್ದ. ಚೀಲ ಹಾಕಿ ಹತ್ತಿಹೋದರೆ ನೀರು, ಸೋಪು, ಮಂಡಿ, ಎಲ್ಲವೂ ಬಿಟ್ಟ ಜಾಗದಲ್ಲೇ ಇರುತ್ತವೆ. ನಾಳೆ ಅವನಿಗೆ ಬಾಚಣಿಗೆ ಬೇಗ ಸಿಗುತ್ತದೆ, ಚೀಲ ಮತ್ತೆ ಅವನ ಕೈಗೆ ಹೋಗುತ್ತದೆ.

ಹಿಂದಿದ್ದವರಿಗೆ ಅವಳು ದಾರಿ ಬಿಟ್ಟಳು. ಔಷಧಿ ಅಂಗಡಿಯ ಮುದುಕಿ ಹಾಕಿ ಹೋದಳು. ಆಕಿನ್ ಸ್ಟೂಲು ಎತ್ತಿಕೊಂಡು, “ಬರ್ತೀನಿ ಅಕ್ಕ, ಗಿರಾಕಿ ಕಾಯ್ತಿದೆ,” ಎಂದು ಹೊರಟಳು. ಬಂಡಿಯ ಹಿಂದೆ ನಿಂತಿದ್ದ ಹುಡುಗಿ ಕೈಗವಸಿನ ಕೈ ಚಾಚಿದಳು.

“ಆಂಟಿ, ಕೊಡಿ ಇತ್ತ.”

ಬಿಯುನ್ ಚೀಲ ಎತ್ತಿದಳು. ಗಂಟು ಗಟ್ಟಿಯಾಗಿತ್ತು, ಲೆಲೆ ಜಗ್ಗಿ ನೋಡಿದ್ದಳು. ಈ ಬೀದಿಗೆ ಬಂದಾಗಿನಿಂದ ಅವಳು ಒಂದು ದಿನವೂ ಬಂಡಿ ತಪ್ಪಿಸಿಕೊಂಡವಳಲ್ಲ. ತಪ್ಪಿಸಿಕೊಂಡವರು ಏನು ಮಾಡುತ್ತಾರೆ ಎಂಬುದು ಮಾತ್ರ ಗೊತ್ತಿತ್ತು. ಮೀನು ಮಾರುಕಟ್ಟೆಯ ಆಚೆ, ಗುಡಿಯ ಹಿಂದೆ ಬಂಡಿ ಮತ್ತೆ ನಿಲ್ಲುತ್ತದೆ. ಸ್ಕೂಟರ್ ಇದ್ದವರು ಸ್ಕೂಟರಿನಲ್ಲಿ, ಇಲ್ಲದವರು ನಡೆದುಕೊಂಡು ಅಲ್ಲಿಗೆ ಹೋಗುತ್ತಾರೆ. ಕಸ ಮನೆಗೆ ವಾಪಸು ಒಯ್ಯಲಾಗುವುದಿಲ್ಲವಲ್ಲ. ಆ ಗುಡಿಯ ಹಿಂದೆ ಬೆಲ್ಲದ ನೀರಿನಲ್ಲಿ ಸೋಯಾ ಗಿಣ್ಣು ಹಾಕಿ ಕೊಡುವ ಗಾಡಿಯೂ ಒಂದಿದೆ. ಅವಳು ಅಲ್ಲಿ ಕೂತು ತಿಂದು ವರ್ಷಗಳಾಗಿದ್ದವು.

ಅವಳು ಚೀಲವನ್ನು ಮತ್ತೆ ಎದೆಯ ಹತ್ತಿರ ಹಿಡಿದುಕೊಂಡಳು.

“ನೀನು ಹೋಗಮ್ಮ,” ಎಂದಳು.

ಹುಡುಗಿ ಅವಳನ್ನೂ ಚೀಲವನ್ನೂ ನೋಡಿ, ಹೆಗಲು ಕುಣಿಸಿ, ಬಂಡಿಯ ಪಕ್ಕೆ ತಟ್ಟಿದಳು. ಬಂಡಿ ಹೊರಟಿತು. ಬೀದಿ ಖಾಲಿಯಾಯಿತು. ಮೇಲಿನ ಕಿಟಕಿಯಿಂದ ದೋದೋ ಅಳುವುದು ಕೇಳಿತು, ಹಿಂದೆಯೇ ತ್ಯಾನ್‌ಫು ಏನೋ ರಮಿಸುವುದು, ಅದರ ಹಿಂದೆ, “ಆಮಾ,” ಎಂಬ ಕೂಗು. ಯಾರ ಕೂಗು ಎಂದು ಅವಳು ತಲೆಯೆತ್ತಿ ನೋಡಲಿಲ್ಲ.

ರಾಗ ಮಾರುಕಟ್ಟೆಯ ಕಡೆ ಸಾಗುತ್ತಿತ್ತು. ಬಿಯುನ್ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿ, ಮನೆಗೆ ಬೆನ್ನು ಹಾಕಿ ಅದರ ಹಿಂದೆ ನಡೆದಳು. ಹೆಜ್ಜೆ ಜೋರು ಮಾಡಲಿಲ್ಲ.